ಟೈಮ್ ಎಷ್ಟಾತ್ರಿ? – ರಾಯಚೂರಿನ ಗಡಿಯಾರದ ಕಥೆ

ರಾಯಚೂರಿನ ಸ್ಟೇಷನ್ ಗಡಿಯಾರದಲ್ಲಿ ಹನ್ನೆರಡು ಹೊಡೆದಾಗ ರಾಯಚೂರಿನಲ್ಲಿ ಮಧ್ಯಾಹ್ನ ಆಗಿರುವುದಿಲ್ಲ. ಸೂರ್ಯ ನೆತ್ತಿಗೆ ಬರಲು ಇನ್ನೂ ಇಪ್ಪತ್ತು ನಿಮಿಷ ಚಿಲ್ಲರೆ ಬೇಕು. ಭಾರತದ ಗಡಿಯಾರ ಓಡುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ರಾಯಚೂರು ಇರುವುದು ಸುಮಾರು 77.36ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಗುಣಿಸಿ ನೋಡಿ, ಇಪ್ಪತ್ತೂವರೆ ನಿಮಿಷ ಬರುತ್ತದೆ. ನಮ್ಮ ಮಾನ್ವಿಗೆ ಇನ್ನೊಂದು ನಿಮಿಷದ ಮೇಲೆ ಸ್ವಲ್ಪ ಸೇರಿಸಿ. ದೇವದುರ್ಗಕ್ಕೆ ಹೋದರೆ ರಾಯಚೂರಿಗಿಂತ ಒಂದೂಮುಕ್ಕಾಲು ನಿಮಿಷ ತಡ. (ಇದು ವರ್ಷದ ಸರಾಸರಿ ಲೆಕ್ಕ. ತಿಂಗಳಿಂದ ತಿಂಗಳಿಗೆ ಸೂರ್ಯ ಕಾಲು ಗಂಟೆಯವರೆಗೂ ಆಚೀಚೆ ಆಗುತ್ತಾನೆ, ಆ ತಂಟೆ ಇವತ್ತು ಬೇಡ.)

ಅಂದರೆ ಒಂದೇ ಜಿಲ್ಲೆಯೊಳಗೆ ಮೂರು ಮಧ್ಯಾಹ್ನ! ಆದರೂ ಮೂರೂ ಊರಿನ ಮೊಬೈಲುಗಳಲ್ಲಿ ಒಂದೇ ಟೈಮು. ಹೇಗೆ? ಎಲ್ಲೋ ಇರುವ ಯಾರನ್ನೋ ಕೇಳಿಕೊಂಡು. "ಟೈಮ್ ಎಷ್ಟಾತ್ರಿ?" ಅಂತ ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದವರನ್ನು ಕೇಳುತ್ತೇವಲ್ಲ, ಹಾಗೆಯೇ.

ಈ ಕೇಳುವ ಕೆಲಸವನ್ನೇ ಮಾಡುವ ಒಂದು ಪುಟ್ಟ ಪ್ರೋಗ್ರಾಮ್ ಬರೆದೆ. ಪೈಥಾನ್‌ನಲ್ಲಿ ನಲವತ್ತು ಸಾಲು ಆಗಲಿಲ್ಲ. ನೆಟ್‌ವರ್ಕ್ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇದಕ್ಕಿಂತ ಸರಳವಾದ ಕ್ಲೈಂಟ್ ಸಿಗಲಿಕ್ಕಿಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಬರೆದು ಮುಗಿಸಿದ ಮೇಲೆ ಇದರ ಹಿಂದಿನ ಕಥೆ ಹುಡುಕುತ್ತಾ ಹೋದರೆ, ಅದು ನಮ್ಮ ರಾಯಚೂರಿನ ಸ್ಟೇಷನ್ನಿಗೇ ಬಂದು ನಿಂತಿತು. ಅದನ್ನೇ ಹೇಳೋಣ ಅಂತ.

ಮೊದಲು ಪ್ರೋಗ್ರಾಮು. ಟೈಮ್ ಕೇಳುವ ಪದ್ಧತಿಯ ಹೆಸರು ಎನ್‌ಟಿಪಿ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಡೇವಿಡ್ ಮಿಲ್ಸ್ ಇದನ್ನು ರೂಪಿಸಿದವರು. 1985ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 958 ಎಂಬ ದಾಖಲೆಯಾಗಿ ಹೊರಬಂತು. ಆಮೇಲೆ ದಶಕಗಟ್ಟಲೆ ಅದನ್ನು ತಿದ್ದುತ್ತಲೇ ಇದ್ದರು, ಕಣ್ಣು ಕೈಕೊಟ್ಟ ಮೇಲೂ. 2024ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ನಿಮ್ಮ ಫೋನು, ಬ್ಯಾಂಕು, ರೈಲ್ವೆ ರಿಸರ್ವೇಶನ್ನು ಎಲ್ಲದರ ಗಡಿಯಾರದ ಹಿಂದೆ ಈ ಮನುಷ್ಯನ ಕೆಲಸ ಇದೆ, ಹೆಸರು ಕೇಳಿದವರು ಮಾತ್ರ ಕಡಿಮೆ.

ಕ್ಲೈಂಟ್ ಮಾಡಬೇಕಾದ್ದು ಇಷ್ಟೇ. 48 ಬೈಟುಗಳ ಒಂದು ಚೀಟಿ ತಯಾರಿಸಬೇಕು. ಮೊದಲ ಬೈಟಿನಲ್ಲಿ 27 ಅಂತ ಬರೆಯಬೇಕು. ಬಿಟ್‌ಗಳಾಗಿ ಬಿಡಿಸಿದರೆ "ನಾನು ಮೂರನೇ ಆವೃತ್ತಿಯ ಭಾಷೆ ಮಾತಾಡುತ್ತೇನೆ, ನಾನು ಕೇಳುವವನು" ಅಂತ ಅದರರ್ಥ. ಉಳಿದ 47 ಬೈಟು ಸೊನ್ನೆ ಇದ್ದರೂ ನಡೆಯುತ್ತದೆ. ಅದನ್ನು ಯುಡಿಪಿ ಮೂಲಕ ಸರ್ವರಿನ 123ನೇ ಪೋರ್ಟಿಗೆ ಕಳಿಸಿದರೆ, ಅಷ್ಟೇ ಉದ್ದದ ಚೀಟಿ ವಾಪಸ್ ಬರುತ್ತದೆ. ಅದರಲ್ಲಿ 40ನೇ ಬೈಟಿನಿಂದ ನಾಲ್ಕು ಬೈಟು ತೆಗೆದುಕೊಂಡರೆ ಸೆಕೆಂಡುಗಳ ಲೆಕ್ಕ. ಮುಗಿಯಿತು. ಯುಡಿಪಿ ಅಂದರೆ ಪೋಸ್ಟ್‌ಕಾರ್ಡ್ ಇದ್ದ ಹಾಗೆ. ಹಾಕಿದ್ದು ಮುಟ್ಟಿತೋ ಇಲ್ಲವೋ, ಯಾರೂ ಹೇಳುವುದಿಲ್ಲ. ಟಿಸಿಪಿ ಆದರೆ ರಿಜಿಸ್ಟರ್ಡ್ ಪೋಸ್ಟು, ಅಕ್‌ನಾಲೆಜ್‌ಮೆಂಟ್ ಸಮೇತ.

ಬಂದ ಸೆಕೆಂಡುಗಳನ್ನು ನೇರ ಓದಿದರೆ ತಲೆ ಕೆಡುತ್ತದೆ. ಯಾಕೆಂದರೆ ಎನ್‌ಟಿಪಿ ಎಣಿಸುವುದು 1900ರ ಜನವರಿ 1ರಿಂದ, ಕಂಪ್ಯೂಟರುಗಳು ಸಾಮಾನ್ಯವಾಗಿ ಎಣಿಸುವುದು 1970ರ ಜನವರಿ 1ರಿಂದ. ನಡುವೆ 25,567 ದಿನ. ಅಂದರೆ 2,20,89,88,800 ಸೆಕೆಂಡು ಕಳೆಯಬೇಕು. ಈ ಸಂಖ್ಯೆ ನೋಡಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹಳೆಯ ಕಾಗದಪತ್ರಗಳು. ರಾಯಚೂರು, ದೇವದುರ್ಗ, ಮಾನ್ವಿ ಎಲ್ಲ ನಿಜಾಮನ ರಾಜ್ಯದಲ್ಲಿದ್ದವಲ್ಲ, 1948ರವರೆಗೆ. ಆ ಕಾಲದ ಜಮೀನಿನ ಕಾಗದಗಳಲ್ಲಿ ತಾರೀಖು ಫಸಲಿಯದು. ತಿಂಗಳುಗಳ ಹೆಸರು ಆಜರ್, ದಯ್, ಬಹಮನ್ ಅಂತ ಪಾರಸಿಯಲ್ಲಿ. ಅದನ್ನು ಇಂಗ್ಲಿಷ್ ವರ್ಷಕ್ಕೆ ತರಬೇಕಾದರೆ 590 ಕೂಡಿಸಬೇಕು. ವರ್ಷ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ. ಹಾಗಾಗಿ ಮೊದಲ ಮೂರು ತಿಂಗಳು ಬಿಟ್ಟು ಉಳಿದವಕ್ಕೆ 591. ಫಸಲಿ 1300 ಅಂದರೆ 1890-91. ಎನ್‌ಟಿಪಿಯ ದೊಡ್ಡ ಸಂಖ್ಯೆಯೂ ಇದೇ ಜಾತಿಯದು. ಎಲ್ಲಿಂದ ಎಣಿಸಲು ಶುರು ಮಾಡಿದಿರಿ ಅನ್ನುವುದು ಗೊತ್ತಿಲ್ಲದಿದ್ದರೆ ತಾರೀಖಿಗೆ ಅರ್ಥವೇ ಇಲ್ಲ.

ಅಂದ ಹಾಗೆ ಎನ್‌ಟಿಪಿಯ ಈ ಎಣಿಕೆ 2036ರ ಫೆಬ್ರವರಿ 7ಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. ಅದಕ್ಕೆ ಪರಿಹಾರ ಇದೆ, ಆದರೆ ಎಲ್ಲ ಪ್ರೋಗ್ರಾಮರುಗಳೂ ಅದನ್ನು ಬರೆದಿರುತ್ತಾರೆ ಅಂತ ನನಗೆ ಭರವಸೆ ಇಲ್ಲ :)

ಈಗ 1871ಕ್ಕೆ ಹೋಗೋಣ.

ಆ ವರ್ಷ ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನಿಂದ ಹೊರಟ ಮದ್ರಾಸ್ ರೈಲ್ವೆಯ ಹಳಿಯೂ ಬಂದು ಕೂಡಿದ್ದು ರಾಯಚೂರಿನಲ್ಲಿ. ಆ ಕಡೆಯದು ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ದಾಟಿ ಕೃಷ್ಣೆಗೆ ಸೇತುವೆ ಹಾಕಿಕೊಂಡು ಬಂತು. ಈ ಕಡೆಯದು ಕಡಪ, ಗುತ್ತಿ, ಗುಂತಕಲ್, ಆದವಾನಿ ದಾಟಿ ತುಂಗಭದ್ರೆಗೆ ಸೇತುವೆ ಹಾಕಿಕೊಂಡು ಬಂತು. ಎರಡು ನದಿಗಳ ನಡುವಿನ ನಮ್ಮ ದೋಆಬದಲ್ಲಿ ಎರಡು ಕಂಪನಿಗಳು ಕೈಕುಲುಕಿದವು. ವಾಡಿಯಿಂದ ಹೈದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ಅಂದರೆ ನಿಜಾಮನ ರಾಜಧಾನಿಗಿಂತ ಮೂರು ವರ್ಷ ಮೊದಲೇ ರಾಯಚೂರಿಗೆ ರೈಲು! ನಮ್ಮೂರಿನ ಬಗ್ಗೆ ಹೆಮ್ಮೆಪಡಲು ಸಿಗುವ ಸಂಗತಿ ಅಪರೂಪ, ಇದನ್ನು ಬಿಡುವುದು ಬೇಡ.

ಹಳಿ ಕೂಡಿತು ಸರಿ, ಗಡಿಯಾರ? ಆಗ ಪ್ರತಿ ಊರಿಗೂ ಅದರದೇ ಟೈಮು. ಮುಂಬಯಿಯದು ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದೆ. ಮದರಾಸಿನದು 5 ಗಂಟೆ 21 ನಿಮಿಷ ಮುಂದೆ. ಎರಡರ ನಡುವೆ ಅರ್ಧ ಗಂಟೆ. ರಾಯಚೂರಿನ ಸ್ವಂತ ಟೈಮು ಮದರಾಸಿಗಿಂತ ಸುಮಾರು ಹನ್ನೊಂದೂವರೆ ನಿಮಿಷ ಹಿಂದೆ, ಮುಂಬಯಿಗಿಂತ ಹದಿನೆಂಟು ನಿಮಿಷ ಮುಂದೆ. ಎರಡೂ ಕಂಪನಿ ತಮ್ಮ ತಮ್ಮ ಊರಿನ ಟೈಮು ಹಿಡಿದುಕೊಂಡು ಬಂದಿದ್ದರೆ ರಾಯಚೂರಿನ ಪ್ಲಾಟ್‌ಫಾರಮ್ಮಿನ ಮೇಲೆ ಅರ್ಧ ಗಂಟೆಯ ಕಂದಕ ಬೀಳುತ್ತಿತ್ತು. ಹಾಗಾಗದಿರಲು ಸಿಕ್ಕ ದಾರಿ ಮದರಾಸು. ಮುಂಬಯಿಗೂ ಕಲ್ಕತ್ತೆಗೂ ನಡುವೆ ಬೀಳುವ ಊರು, ಮೇಲಾಗಿ ಅಲ್ಲಿ 1792ರಿಂದ ಈಸ್ಟ್ ಇಂಡಿಯಾ ಕಂಪನಿ ಕಟ್ಟಿಸಿದ ವೀಕ್ಷಣಾಲಯ ಇತ್ತು. ದೇಶದ ರೈಲುಗಳು ಮದರಾಸಿನ ಟೈಮಿಗೆ ಹೊಂದಿಕೊಂಡವು. ಮದರಾಸಿನಲ್ಲಿ ಖಗೋಳಜ್ಞರು (ಆಗ ಅಲ್ಲಿದ್ದವರು ನಾರ್ಮನ್ ಪಾಗ್ಸನ್) ನಕ್ಷತ್ರ ನೋಡಿ ಗಡಿಯಾರ ಸರಿಮಾಡಬೇಕು, ಆ ಟೈಮು ತಂತಿಯಲ್ಲಿ ಊರೂರಿಗೆ ಹೋಗಬೇಕು.

ಇವತ್ತಿನ ಭಾಷೆಯಲ್ಲಿ ಮದರಾಸು ಒಂದು ಟೈಮ್ ಸರ್ವರು. ಎನ್‌ಟಿಪಿಯಲ್ಲಿ ನೇರವಾಗಿ ಮೂಲ ಗಡಿಯಾರಕ್ಕೆ ಕಟ್ಟಿದ ಸರ್ವರನ್ನು ಒಂದನೇ ಪದರ ಅಂತಾರೆ, ಅದನ್ನು ಕೇಳಿಕೊಳ್ಳುವುದು ಎರಡನೇ ಪದರ, ಹೀಗೆ ಮುಂದೆ. ಮೂಲ ಗಡಿಯಾರ ಆಕಾಶ ಅಂತ ಇಟ್ಟುಕೊಂಡರೆ ಮದರಾಸು ಒಂದನೇ ಪದರ, ತಂತಿ ಬರುವ ರಾಯಚೂರು ಸ್ಟೇಷನ್ನು ಎರಡನೆಯದು. ರೈಲಿಲ್ಲದ ಮಾನ್ವಿ, ದೇವದುರ್ಗಕ್ಕೆ ಮೂರನೇ ಪದರ, ಅದೂ ಯಾರಾದರೂ ಸ್ಟೇಷನ್ ಗಡಿಯಾರ ನೋಡಿಕೊಂಡು ಬಂದು ಹೇಳಿದರೆ!

ಸ್ವಾರಸ್ಯ ಏನೆಂದರೆ ಈ ದಿನಕ್ಕೊಮ್ಮೆ ಟೈಮ್ ಕಳಿಸುವ ಪದ್ಧತಿ ರೈಲ್ವೆಯ ನಿಯಮ ಪುಸ್ತಕದಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ಸರ್ಕಾರ ನಿಗದಿ ಮಾಡಿದ ಕಾಲವನ್ನು ಪ್ರತಿದಿನ 16.00 ಗಂಟೆಗೆ ಮುಖ್ಯ ಸ್ಟೇಷನ್ನುಗಳಿಗೆಲ್ಲ ತಿಳಿಸಬೇಕು ಅನ್ನುವುದು ಭಾರತೀಯ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಒಂದು.

ಎಲ್ಲರೂ ಇದನ್ನು ಸಲೀಸಾಗಿ ಒಪ್ಪಿಕೊಂಡರು ಅಂದುಕೊಳ್ಳಬೇಡಿ. 1881ರಲ್ಲಿ ಮುಂಬಯಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಊರಿಗೆಲ್ಲ ಮದರಾಸಿನ ಟೈಮು ಹೇರಲು ಹೋದ, ಜನ ತಿರುಗಿ ಬಿದ್ದರು, 1883ರಲ್ಲಿ ಕೈಬಿಡಬೇಕಾಯಿತು. 1906ರ ಜನವರಿ 1ಕ್ಕೆ ಐದೂವರೆ ಗಂಟೆಯ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂತು. ಮದರಾಸಿನ ಗಡಿಯಾರ ಒಂಬತ್ತು ನಿಮಿಷ ಮುಂದೆ ತಿರುಗಿಸಿದರೆ ಸಾಕಿತ್ತು, ಮುಂಬಯಿಯದು ಮೂವತ್ತೊಂಬತ್ತು. ಗಿರಣಿ ಕಾರ್ಮಿಕರಿಗೆ ಇದರರ್ಥ ಮುಂಚೆಗಿಂತ ಮೂವತ್ತೊಂಬತ್ತು ನಿಮಿಷ ಬೇಗ, ಇನ್ನೂ ಕತ್ತಲಿರುವಾಗಲೇ ಗೇಟಿನ ಮುಂದೆ ನಿಲ್ಲುವುದು. ಆ ಜನವರಿಯಲ್ಲೇ ಮುಂಬಯಿಯ ಒಂದು ಹತ್ತಿಗಿರಣಿಯಲ್ಲಿ ಕಾರ್ಮಿಕರು ಗಿರಣಿಯ ಗಡಿಯಾರಕ್ಕೇ ಕಲ್ಲು ಹೊಡೆದರು. ಕಲ್ಕತ್ತೆ 1948ರವರೆಗೆ ತನ್ನ ಹಳೆಯ ಟೈಮು ಇಟ್ಟುಕೊಂಡಿತ್ತು, ಮುಂಬಯಿಯಲ್ಲಿ 1950ರ ದಶಕದವರೆಗೂ ಎಳೆದಾಟ ನಡೆಯಿತು. ರಾಯಚೂರಿನ ಹತ್ತಿಗಿರಣಿಗಳಲ್ಲಿ ಏನಾಯಿತು ಅಂತ ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಮತ್ತೆ ಪ್ರೋಗ್ರಾಮಿಗೆ. ಮೇಲೆ ಹೇಳಿದ ಸರಳ ಕ್ಲೈಂಟಿನಲ್ಲಿ ಒಂದು ತೊಡಕಿದೆ. ಸರ್ವರ್ "ಈಗ ಹತ್ತು ಗಂಟೆ" ಅಂತ ಬರೆದು ಕಳಿಸಿದ ಚೀಟಿ ನನ್ನ ಕೈಗೆ ಬರುವಷ್ಟರಲ್ಲಿ ಹತ್ತು ದಾಟಿರುತ್ತದೆ. ಎಷ್ಟು ದಾಟಿತು? ಚೀಟಿ ದಾರಿಯಲ್ಲಿ ಎಷ್ಟು ಹೊತ್ತು ಕಳೆಯಿತು ಅಂತ ಅಳೆಯಬೇಕಾದರೆ ಎರಡೂ ಕಡೆ ಗಡಿಯಾರ ಸರಿಯಿರಬೇಕು. ಗಡಿಯಾರ ಸರಿ ಇಲ್ಲ ಅಂತಲೇ ಅಲ್ಲವಾ ನಾವು ಕೇಳಲು ಹೊರಟದ್ದು! ಕೋಳಿ ಮೊದಲೋ ಮೊಟ್ಟೆ ಮೊದಲೋ ಕಥೆ.

ಎನ್‌ಟಿಪಿಯ ಜಾಣತನ ಇಲ್ಲಿದೆ. ನಾಲ್ಕು ಕ್ಷಣಗಳನ್ನು ಬರೆದಿಟ್ಟುಕೊಳ್ಳಬೇಕು. ನಾನು ಚೀಟಿ ಕಳಿಸಿದ್ದು ಸ1, ಸರ್ವರಿಗೆ ಅದು ಮುಟ್ಟಿದ್ದು ಸ2, ಸರ್ವರ್ ಉತ್ತರ ಕಳಿಸಿದ್ದು ಸ3, ಅದು ನನಗೆ ಮುಟ್ಟಿದ್ದು ಸ4. ಮೊದಲನೆಯದೂ ಕೊನೆಯದೂ ನನ್ನ ಗಡಿಯಾರದ್ದು, ನಡುವಿನ ಎರಡು ಸರ್ವರಿನದು. ಈಗ,

ನನ್ನ ಗಡಿಯಾರದ ತಪ್ಪು = ((ಸ2 – ಸ1) + (ಸ3 – ಸ4)) / 2

ಉದಾಹರಣೆಗೆ ನನ್ನ ಗಡಿಯಾರ 10:00:00.000 ತೋರಿಸುವಾಗ ಕಳಿಸಿದೆ. ಸರ್ವರಿಗೆ 10:00:05.060ಕ್ಕೆ ಮುಟ್ಟಿತು, 10:00:05.061ಕ್ಕೆ ಉತ್ತರ ಹೊರಟಿತು, ನನ್ನ ಗಡಿಯಾರದ 10:00:00.121ಕ್ಕೆ ಕೈಸೇರಿತು ಅಂದುಕೊಳ್ಳಿ. ಮೊದಲ ವ್ಯತ್ಯಾಸ 5.060, ಎರಡನೆಯದು 4.940. ಕೂಡಿಸಿ ಅರ್ಧ ಮಾಡಿದರೆ ಸರಿಯಾಗಿ 5 ಸೆಕೆಂಡು. ಹೋಗುವಾಗ ಸೇರಿಕೊಂಡ ತಡವನ್ನು ಬರುವಾಗಿನ ತಡ ಹೊಡೆದು ಹಾಕಿತು. ದಾರಿ ಎಷ್ಟು ಉದ್ದ ಅಂತ ಗೊತ್ತಿಲ್ಲದೆಯೇ ಲೆಕ್ಕ ಸರಿಹೋಯಿತು. ಒಂದೇ ಷರತ್ತು, ಹೋಗುವ ದಾರಿಗೂ ಬರುವ ದಾರಿಗೂ ಹಿಡಿಯುವ ಹೊತ್ತು ಒಂದೇ ಇರಬೇಕು. ಮೊಬೈಲ್ ನೆಟ್‌ವರ್ಕಿನಲ್ಲಿ ಅದು ಇರುವುದಿಲ್ಲ, ಅಷ್ಟರಮಟ್ಟಿಗೆ ತಪ್ಪು ಉಳಿಯುತ್ತದೆ.

ಇದನ್ನು ಇಂಟರ್ನೆಟ್ಟಿನವರ ಹೊಸ ಉಪಾಯ ಅಂದುಕೊಂಡಿದ್ದೆ. ಆದರೆ 1870ರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿಯಲ್ಲಿ ಇದೇ ಲೆಕ್ಕ ನಡೆದಿದೆ!

ಕಥೆ ಹೀಗಿದೆ. ಭಾರತದ ದೊಡ್ಡ ತ್ರಿಕೋನಮಿತಿ ಸರ್ವೆಯವರಿಗೆ ಊರುಗಳ ರೇಖಾಂಶ ಖಚಿತವಾಗಿ ಬೇಕಿತ್ತು. ರೇಖಾಂಶ ಅಂದರೆ ಟೈಮಿನ ವ್ಯತ್ಯಾಸ. ಮದರಾಸಿನಲ್ಲಿ ಒಂದು ನಕ್ಷತ್ರ ನೆತ್ತಿಯ ಗೆರೆ ದಾಟಿದ ಎಷ್ಟು ಹೊತ್ತಿನ ಮೇಲೆ ಬಳ್ಳಾರಿಯಲ್ಲಿ ದಾಟುತ್ತದೆ ಅನ್ನುವುದು ಗೊತ್ತಾದರೆ ಮುಗಿಯಿತು (ಸುಮಾರು 13 ನಿಮಿಷ). ಹಿಂದೆ ಇದಕ್ಕಾಗಿ ಗಡಿಯಾರ ಹೊತ್ತುಕೊಂಡು ಓಡಾಡಬೇಕಿತ್ತು. ತಂತಿ ಬಂದ ಮೇಲೆ ಒಂದು ಗಡಿಯಾರದ ಟಿಕ್ ಟಿಕ್ಕನ್ನೇ ಇನ್ನೊಂದು ಊರಿಗೆ ಕಳಿಸಬಹುದಾಯಿತು. ಕ್ಯಾಂಪ್‌ಬೆಲ್ ಮತ್ತು ಹೆವಿಸೈಡ್ ಎಂಬ ಇಬ್ಬರು ಎಂಜಿನಿಯರ್ ಅಧಿಕಾರಿಗಳು ಮದರಾಸು, ಬೆಂಗಳೂರು, ಬಳ್ಳಾರಿ, ಹೈದರಾಬಾದ್, ಮುಂಬಯಿ ಹೀಗೆ ಜೋಡಿ ಜೋಡಿ ಊರುಗಳಲ್ಲಿ ಕೂತು ಈ ಕೆಲಸ ಮಾಡಿದರು. ಹಗಲೆಲ್ಲ ತಂತಿಯಲ್ಲಿ ಜನರ ಸಂದೇಶ. ಇವರ ಕೆಲಸ ರಾತ್ರಿ, ನಕ್ಷತ್ರ ಇರುವಾಗ.

ಅವರಿಗೂ ನನ್ನದೇ ತೊಡಕು. ಸಂಕೇತ ತಂತಿಯಲ್ಲಿ, ಎರಡೂ ಕಡೆಯ ಯಂತ್ರಗಳಲ್ಲಿ ಸೆಕೆಂಡಿನ ಒಂದು ಚೂರು ತಡವಾಗುತ್ತದೆ. ಅವರು ಹಿಡಿದ ಉಪಾಯವೂ ಅದೇ. ಮೊದಲು ಪೂರ್ವದ ಗಡಿಯಾರದ ಸಂಕೇತ ಎರಡೂ ಊರಲ್ಲಿ ದಾಖಲಾಗಬೇಕು, ಆಮೇಲೆ ಪಶ್ಚಿಮದ ಗಡಿಯಾರದ್ದು. ಒಂದು ಸಲ ತಡ ಕೂಡಿಕೊಳ್ಳುತ್ತದೆ, ಇನ್ನೊಂದು ಸಲ ಕಳೆದುಹೋಗುತ್ತದೆ. ಎರಡರ ಸರಾಸರಿ ರೇಖಾಂಶ, ಎರಡರ ವ್ಯತ್ಯಾಸದ ಅರ್ಧ ತಂತಿಯ ತಡ. ಮಿಲ್ಸ್ ಅವರ ಸೂತ್ರವನ್ನು ಪಕ್ಕದಲ್ಲಿಟ್ಟು ನೋಡಿ, ಒಂದಕ್ಷರ ಬದಲಿಲ್ಲ.

ಬಳ್ಳಾರಿಗೂ ದೇವದುರ್ಗಕ್ಕೂ ರೇಖಾಂಶ ಹೆಚ್ಚುಕಡಿಮೆ ಒಂದೇ, 76.9. ನಕ್ಷೆಯಲ್ಲಿ ಬಳ್ಳಾರಿಯಿಂದ ನೇರ ಬಡಗಣಕ್ಕೆ ಗೆರೆ ಎಳೆದರೆ ದೇವದುರ್ಗ. ಆ ರಾತ್ರಿಗಳಲ್ಲಿ ಅವರು ಬಳ್ಳಾರಿಗೆಂದು ಅಳೆದ ಟೈಮು, ತಂತಿಯ ಮುಖವನ್ನೇ ಕಾಣದ ದೇವದುರ್ಗದ್ದೂ ಆಗಿತ್ತು.

ಎರಡು ಕಡೆಯನ್ನು ಒಂದು ತಾಳಕ್ಕೆ ತರುವ ಇನ್ನೊಂದು ಘಟನೆಯೂ ಇದೇ ರಾಯಚೂರಿನದು, ಬೇಗ ಹೇಳಿ ಮುಗಿಸುತ್ತೇನೆ. 2013ರವರೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲ ಬೇರೆ, ಉಳಿದ ಭಾರತದ್ದು ಬೇರೆ. ಎರಡೂ 50 ಹರ್ಟ್ಸ್‌ನಲ್ಲೇ ಓಡುತ್ತಿದ್ದರೂ ಒಂದರ ತಾಳ ಇನ್ನೊಂದಕ್ಕೆ ಇರಲಿಲ್ಲ. ನಡುವೆ ಕರೆಂಟು ದಾಟಬೇಕಾದರೆ ಅದನ್ನು ಡಿಸಿಗೆ ಬದಲಾಯಿಸಿ ದಾಟಿಸಬೇಕಿತ್ತು, ತಾಲ್ಚೇರ್-ಕೋಲಾರ ಲೈನಿನ ಹಾಗೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಲ್ಲಿ ಮುಳುಗಿ 60 ಕೋಟಿಗೂ ಹೆಚ್ಚು ಜನ ಪೇಚಾಡಿದಾಗ ದಕ್ಷಿಣ ಉಳಿದುಕೊಂಡದ್ದು ಹೀಗೆ ಬೇರೆಯಾಗಿದ್ದುದಕ್ಕೇ. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು-ಸೊಲ್ಲಾಪುರ ಲೈನು ಚಾಲೂ ಆಗಿ ಇಡೀ ದೇಶ ಒಂದೇ ತಾಳಕ್ಕೆ ಬಂತು. 1871ರಲ್ಲಿ ರೈಲು ಸೊಲ್ಲಾಪುರದಿಂದ ಇಳಿದುಬಂದ ದಿಕ್ಕಿನಲ್ಲೇ 142 ವರ್ಷದ ನಂತರ ಈ ತಂತಿ! ಬೇಸಿಗೆಯಲ್ಲಿ ಲೋಡ್‌ಶೆಡ್ಡಿಂಗ್ ಬೈದುಕೊಂಡು ಬೆಳೆದ, ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟಿನ ಆರ್‌ಟಿಪಿಎಸ್ ಇಟ್ಟುಕೊಂಡೂ ಕತ್ತಲಲ್ಲಿ ಕೂತ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವೇನಲ್ಲ.

ಇರಲಿ. ಕ್ಲೈಂಟ್ ಬರೆಯುವಾಗ ನಿಜವಾದ ಕಷ್ಟ ಕೇಳುವುದರಲ್ಲೂ ಇಲ್ಲ, ಲೆಕ್ಕದಲ್ಲೂ ಇಲ್ಲ. ಉತ್ತರ ಬರದಿದ್ದರೆ ಏನು ಮಾಡಬೇಕು? ಪೋಸ್ಟ್‌ಕಾರ್ಡು ಹೋಗುವಾಗ ಕಳೆಯಿತೋ, ಬರುವಾಗ ಕಳೆಯಿತೋ, ಸರ್ವರೇ ಸತ್ತಿದೆಯೋ, ಈ ಕಡೆ ಕೂತವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಮೌನಂ ಸಮ್ಮತಿ ಲಕ್ಷಣಂ ಅಂತ ಹಿರಿಯರು ಹೇಳಿದ್ದಾರೆ, ನೆಟ್‌ವರ್ಕಿನಲ್ಲಿ ಮೌನಕ್ಕೆ ಯಾವ ಲಕ್ಷಣವೂ ಇಲ್ಲ. ಅರ್ಥ ನಾವೇ ಕೊಡಬೇಕು, ಮತ್ತು ಕೊಟ್ಟ ಅರ್ಥಕ್ಕೆ ಬೆಲೆ ತೆರಬೇಕಾದವರು ಯಾರು ಅಂತಲೂ ನೋಡಬೇಕು.

ಕೆಟ್ಟ ಉದಾಹರಣೆ ಒಂದು. 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟೈಮ್ ಸರ್ವರಿಗೆ ಇದ್ದಕ್ಕಿದ್ದಂತೆ ಚೀಟಿಗಳ ಪ್ರವಾಹ ಬಂತು. ಸೆಕೆಂಡಿಗೆ ಲಕ್ಷಕ್ಕೂ ಮೀರಿ. ಹುಡುಕಿ ನೋಡಿದರೆ ನೆಟ್‌ಗೇರ್ ಕಂಪನಿಯ ಮನೆಬಳಕೆಯ ರೌಟರುಗಳು. ಅವುಗಳೊಳಗೆ ಆ ಒಂದೇ ಸರ್ವರಿನ ವಿಳಾಸ ಕೊರೆದಿಟ್ಟಿದ್ದರು. ಉತ್ತರ ಬರದಿದ್ದರೆ ಸೆಕೆಂಡಿಗೊಮ್ಮೆ ಮತ್ತೆ ಕೇಳು ಅಂತ ಬರೆದಿದ್ದರು. ಸರ್ವರ್ ತಡಬಡಾಯಿಸಿದಷ್ಟೂ ಉತ್ತರ ಕಡಿಮೆ, ಉತ್ತರ ಕಡಿಮೆಯಾದಷ್ಟೂ ಕೇಳುವವರ ಗದ್ದಲ ಹೆಚ್ಚು. ಇಲ್ಲಿ ಮೌನದ ಅರ್ಥ "ಮತ್ತೆ ಕೂಗು". ಬೆಲೆ ತೆತ್ತದ್ದು ಪಾಪದ ವಿಶ್ವವಿದ್ಯಾಲಯ.

ಒಳ್ಳೆಯ ಉದಾಹರಣೆ ಬೇಕಾದರೆ ಮತ್ತೆ ರೈಲ್ವೆಗೇ ಹೋಗಬೇಕು. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಅದಕ್ಕಾಗಿ ಇಬ್ಬರು ಸ್ಟೇಷನ್ ಮಾಸ್ತರರು ಬ್ಲಾಕ್ ಯಂತ್ರದ ಗಂಟೆ ಬಾರಿಸಿ ಮಾತಾಡುತ್ತಾರೆ. ಒಂದು ಹೊಡೆತ ಅಂದರೆ "ಗಮನ ಕೊಡಿ". ಎರಡು ಅಂದರೆ "ಲೈನ್ ಕ್ಲಿಯರ್ ಇದೆಯಾ?" ಮೂರು ಅಂದರೆ "ರೈಲು ಹೊರಟಿತು". ನಾಲ್ಕು ಅಂದರೆ "ರೈಲು ಬಂದು ಸೇರಿತು". ಆರು ಅಂದರೆ "ಅಪಾಯ". ಕೇಳಿಸಿಕೊಂಡವರು ಅಷ್ಟೇ ಹೊಡೆತ ವಾಪಸ್ ಹೊಡೆದು ಒಪ್ಪಿಗೆ ಹೇಳಬೇಕು. ಬರೀ ಬಾಯಿಮಾತಿನ ಒಪ್ಪಿಗೆ ಬೇಕಾದ ಕಡೆ ಪ್ರೈವೇಟ್ ನಂಬರ್ ಅಂತ ಒಂದು ಗುಟ್ಟಿನ ಅಂಕಿಯನ್ನೂ ಹೇಳಬೇಕು, ಹೇಳಿದವರು ನಿಜಕ್ಕೂ ಆ ಮಾಸ್ತರರೇ ಅಂತ ಖಾತ್ರಿಯಾಗಲು. ಕಂಪ್ಯೂಟರಿನವರು ಒನ್ ಟೈಮ್ ಪಾಸ್‌ವರ್ಡ್ ಅಂತ ಮೆರೆಯುವುದಕ್ಕೆ ಎಷ್ಟೋ ಮುಂಚಿನ ಮಾತಿದು.

ಆ ಕಡೆಯಿಂದ ಗಂಟೆ ಬರಲಿಲ್ಲ ಅಂದರೆ? ಮಾಸ್ತರ ನಿದ್ದೆ ಹೋಗಿರಬಹುದು, ತಂತಿ ಹರಿದಿರಬಹುದು, ಲೈನಿನ ಮೇಲೆ ಇನ್ನೊಂದು ರೈಲು ಇರಬಹುದು. ಯಾವುದೇ ಆಗಿರಲಿ, ರೈಲು ಹೊರಡುವುದಿಲ್ಲ, ಅಷ್ಟೇ. ಮೌನದ ಅರ್ಥ "ಬೇಡ". ಬೆಲೆ ಏನಿದ್ದರೂ ಒಂದಷ್ಟು ತಡ, ಪ್ರಯಾಣಿಕರ ಜೀವ ಅಲ್ಲ. ಇದನ್ನು ರೂಪಿಸಿದವರಿಗೆ ಉತ್ತರ ಬರದಿರುವುದೇ ಮಾಮೂಲು, ಬರುವುದೇ ವಿಶೇಷ ಅನ್ನುವ ಎಚ್ಚರ ಇತ್ತು. ನನ್ನ ಕ್ಲೈಂಟಿನಲ್ಲಿ ನಾನು ಮಾಡಿದ್ದೂ ಇದೇ. ಒಂದು ಸೆಕೆಂಡು ಕಾಯುವುದು, ಆಮೇಲೆ ಎರಡು, ನಾಲ್ಕು, ಎಂಟು. ಅಷ್ಟರಲ್ಲೂ ಬರದಿದ್ದರೆ "ಉತ್ತರ ಬಂದಿಲ್ಲ" ಅಂತ ಹೇಳಿ ಸುಮ್ಮನಾಗುವುದು, ಊಹೆಯ ಟೈಮು ತೋರಿಸದೇ ಇರುವುದು.

ಇದೆಲ್ಲ ಪ್ರೋಗ್ರಾಮರುಗಳ ಹವ್ಯಾಸದ ಮಾತು ಅನ್ನಿಸಿದರೆ ಇನ್ನೊಂದು ಕ್ಲೈಂಟಿನ ಕಥೆ ಕೇಳಿ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉದ್ಯೋಗ ಖಾತ್ರಿ ಕೆಲಸಕ್ಕೆ ಒಂದು ಹಾಜರಿ ಆ್ಯಪ್ ತಂದಿತು, ಹೆಸರು ಎನ್‌ಎಂಎಂಎಸ್. 2022ರ ಮೇ 16ರಿಂದ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ, 2023ರ ಜನವರಿ 1ರಿಂದ ಎಲ್ಲ ಕಡೆ ಕಡ್ಡಾಯವಾಯಿತು. ಕಾಯಕ ಬಂಧು ಕೆಲಸದ ಜಾಗದಲ್ಲಿ ನಿಂತು ದಿನಕ್ಕೆ ಎರಡು ಸಲ ಕೂಲಿಯವರ ಫೋಟೋ ತೆಗೆದು, ಟೈಮು ಮತ್ತು ಜಾಗದ ಗುರುತಿನೊಂದಿಗೆ ಸರ್ವರಿಗೆ ಕಳಿಸಬೇಕು. ಕಳಿಸಿದ್ದು ಮುಟ್ಟಿದರೆ ಹಾಜರಿ. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 309 ರೂಪಾಯಿ, ಏಪ್ರಿಲ್‌ನಿಂದ 316.

ದೇವದುರ್ಗ, ಮಾನ್ವಿ ಕಡೆಯ ಹೊಲ, ಕೆರೆ, ನಾಲೆಗಳ ಬಳಿ ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಿದ ಅನುಭವ ಇದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ನೆಟ್‌ವರ್ಕ್ ಇಲ್ಲದೆಯೋ ಸರ್ವರ್ ನಿಧಾನವಾಗಿಯೋ ಫೋಟೋ ಹೋಗದೆ, ಮಣ್ಣು ಹೊತ್ತ ದಿನದ ಕೂಲಿ ತಪ್ಪಿತು ಎಂಬ ದೂರು ದೇಶದ ಎಲ್ಲ ಮೂಲೆಗಳಿಂದ ಬಂತು. ಇದೂ ಒಂದು ಸರಳ ನೆಟ್‌ವರ್ಕ್ ಕ್ಲೈಂಟೇ, ಸರ್ವರಿಗೆ ಒಂದು ಸಂದೇಶ ಕಳಿಸಿ ಉತ್ತರಕ್ಕೆ ಕಾಯುವಂಥದ್ದು. ಇಲ್ಲಿ ಮೌನಕ್ಕೆ ಕೊಟ್ಟ ಅರ್ಥ "ಬಂದಿಲ್ಲ". ಕಳ್ಳ ಹಾಜರಿ ತಡೆಯಬೇಕಿತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಕಾಗದದ ಎನ್‌ಎಂಆರ್‌ನಲ್ಲಿ ಊರಲ್ಲಿಲ್ಲದವರ ಹೆಸರು, ಸತ್ತವರ ಹೆಸರು ಸೇರುತ್ತಿದ್ದದ್ದು ಸುಳ್ಳಲ್ಲ. ಆದರೆ ಚೀಟಿ ದಾರಿಯಲ್ಲಿ ಕಳೆದರೆ ಆ ನಷ್ಟ ಯಾರ ಲೆಕ್ಕಕ್ಕೆ ಅನ್ನುವುದು ಪ್ರೋಗ್ರಾಮ್ ಬರೆಯುವಾಗಲೇ ಯಾರೋ ತೀರ್ಮಾನಿಸಿದ ಸಂಗತಿ, ಗುದ್ದಲಿ ಹಿಡಿದವರನ್ನು ಕೇಳಿ ಮಾಡಿದ್ದಲ್ಲ. ಖಾತ್ರಿ ಕೆಲಸ ಹಿಡಿಯದಿದ್ದರೆ ನಮ್ಮ ಕಡೆಯವರಿಗೆ ಉಳಿಯುವ ದಾರಿ ಗುಳೆ. ಬೆಂಗಳೂರಿನ ಕಟ್ಟಡ ಕೆಲಸಗಳಲ್ಲಿ ರಾಯಚೂರು ಕನ್ನಡ ಕೇಳಿಬರುವುದು ಯಾಕೆ ಅಂತ ನಿಮಗೆ ಗೊತ್ತೇ ಇದೆ.

2023ರ ಫೆಬ್ರವರಿಯಲ್ಲಿ ಈ ಆ್ಯಪಿನ ವಿರುದ್ಧ, ಕೂಲಿ ಪಾವತಿಯ ಆಧಾರ್ ನಿಯಮದ ವಿರುದ್ಧ ಬೇರೆ ಬೇರೆ ರಾಜ್ಯಗಳ ಖಾತ್ರಿ ಕೂಲಿಕಾರರು ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕೂತರು. ಧರಣಿಗಳ ಜಾಗ ಅಂತಲೇ ಆ ಹೆಸರು ಈಗ ನಮಗೆಲ್ಲ ಪರಿಚಯ. ಆದರೆ ಅದು ಮೂಲತಃ ಹದಿನೆಂಟನೇ ಶತಮಾನದಲ್ಲಿ ಸವಾಯಿ ಜೈಸಿಂಗ್ ಕಟ್ಟಿಸಿದ ವೀಕ್ಷಣಾಲಯ. ಅಲ್ಲಿರುವ ಸಾಮ್ರಾಟ್ ಯಂತ್ರ ಒಂದು ಭಾರೀ ನೆರಳು ಗಡಿಯಾರ. ಅದಕ್ಕೆ ಯಾರನ್ನೂ ಕೇಳುವ ಅಗತ್ಯವಿಲ್ಲ, ಮೋಡ ಇರಬಾರದು, ಸುತ್ತಲಿನ ಎತ್ತರದ ಕಟ್ಟಡಗಳು ಅಡ್ಡ ಬರಬಾರದು ಅಷ್ಟೇ. ಅದು ನಿಂತಿರುವ ರೇಖಾಂಶ ನೋಡಿದೆ, 77.2 ಡಿಗ್ರಿ. ಮಾನ್ವಿ 77.05, ರಾಯಚೂರು 77.36. ದೆಹಲಿಯ ಆ ನೆರಳು ತೋರಿಸುವುದು ಹೆಚ್ಚುಕಡಿಮೆ ಮಾನ್ವಿಗೂ ರಾಯಚೂರಿಗೂ ನಡುದಾರಿಯ ಟೈಮು. ಮಾನ್ವಿಗೂ ಅದಕ್ಕೂ ಇರುವ ಅಂತರ ಬರೀ ನಲವತ್ತು ಸೆಕೆಂಡು.